ಬಸುರಿಯ ಜ್ವರಕ್ಕೆ ಲೆಕ್ಕ ಇಡುವವರು ಯಾರು?

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹೆಣ್ಣುಮಗಳೊಬ್ಬಳಿಗೆ ಚಳಿಜ್ವರ ಬಂತು ಅನ್ನಿ. ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡುತ್ತಾರೆ, ಮಲೇರಿಯಾ ಅಂತ ಬಂದರೆ ಗುಳಿಗಿ ಕೊಡುತ್ತಾರೆ. ಮುಟ್ಟು ನಿಂತು ಎಷ್ಟು ದಿನವಾಯಿತು ಅಂತ ಕೇಳಿದರೆ ಕೇಳಿದರು, ಇಲ್ಲವಾದರೆ ಇಲ್ಲ. ಕೇಳಿದರೂ ಅವಳು ಏನು ಹೇಳಬೇಕು? ಬಿಸಿಲಲ್ಲಿ ಹತ್ತಿ ಬಿಡಿಸಿ, ಅರೆಹೊಟ್ಟೆ ಉಂಡು, ಮೈಯಲ್ಲಿ ರಕ್ತವಿಲ್ಲದೆ ಮುಟ್ಟು ಹಿಂದುಮುಂದಾಗುವುದೇ ರೂಢಿಯಾದವಳಿಗೆ ತಾನು ಬಸುರಿ ಅನ್ನುವುದು ಮೊದಲ ಆರೇಳು ವಾರ ಗೊತ್ತೇ ಇರುವುದಿಲ್ಲ. ಗುಳಿಗಿ ನುಂಗಿ ಕೂಲಿಗೆ ಹೋಗುತ್ತಾಳೆ. ಮುಂದೊಂದು ದಿನ ಗರ್ಭ ಜಾರುತ್ತದೆ. ಜ್ವರದಿಂದ ಜಾರಿತೋ, ಗುಳಿಗಿಯಿಂದ ಜಾರಿತೋ, ಎರಡರಿಂದಲೂ ಅಲ್ಲವೋ, ಹೇಳುವವರು ಯಾರೂ ಇಲ್ಲ. ಮನೆಯವರು ಹಣೇಬರ ಅಂತಾರೆ. ಜ್ವರ ಒಂದು ವಹಿಯಲ್ಲಿ, ಗರ್ಭ ಇನ್ನೊಂದು ವಹಿಯಲ್ಲಿ. ಎರಡನ್ನೂ ಜೋಡಿಸಿ ಓದುವವರಿಲ್ಲ.

ಇದನ್ನು ಹಣೆಬರಹ ಎಂದು ನಾನು ಒಪ್ಪುವುದಿಲ್ಲ. ಇದು ನಾಶ. ತಡೆಯಬಹುದಾಗಿದ್ದ, ತಡೆಯುವ ದಾರಿ ಗೊತ್ತಿದ್ದ, ಆದರೂ ಯಾರೂ ತಲೆ ಕೆಡಿಸಿಕೊಳ್ಳದೆ ಬಿಟ್ಟ ನಾಶ. ಬಸುರಿಯರ ಮೇಲೆ ಔಷಧ ಪರೀಕ್ಷೆ ಮಾಡಬಾರದು ಎಂದು ವೈದ್ಯಲೋಕವೂ ಕಂಪನಿಗಳೂ ಸರ್ಕಾರಗಳೂ ಕೈ ತೊಳೆದುಕೊಂಡವು. ಹಾಗೆ ಕೈ ತೊಳೆದುಕೊಂಡಿದ್ದರಿಂದಲೇ ಮಲೇರಿಯಾ ಇರುವ ಪ್ರತಿ ಊರಿನ ಪ್ರತಿ ಬಸುರಿಯೂ ಒಂದು ಪರೀಕ್ಷೆಗೆ ಒಳಗಾದಳು. ಅವಳ ಒಪ್ಪಿಗೆ ಕೇಳದ, ಮೇಲೆ ಯಾರೂ ಕಣ್ಣಿಡದ, ಹಾನಿಯಾದರೆ ಪರಿಹಾರ ಕೊಡದ, ಕೊನೆಗೆ ಏನಾಯಿತು ಎಂದು ಬರೆದೂ ಇಡದ ಪರೀಕ್ಷೆ. ನನ್ನ ಸಿಟ್ಟು ಇದರ ಮೇಲೆ.

ಈ ನೆಲಕ್ಕೂ ಮಲೇರಿಯಾಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡಿದ್ದು ಸಿಕಂದರಾಬಾದಿನಲ್ಲಿ. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ನಿಜಾಮನ ಅದೇ ಹೈದರಾಬಾದ್ ಸಂಸ್ಥಾನದ ಊರುಗಳು. ರಾಸ್ ಸೊಳ್ಳೆ ಕಚ್ಚಿಸಿದ್ದು ಹುಸೇನ್ ಖಾನ್ ಎಂಬ ಬಡ ರೋಗಿಗೆ, ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಕೊಟ್ಟು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಜಗತ್ತಿಗೆ ಮಲೇರಿಯಾದ ಗುಟ್ಟು ಹೇಳಿಕೊಟ್ಟ ಸಂಸ್ಥಾನದ ಹಳ್ಳಿಗಳಲ್ಲೇ ಬಸುರಿಯರ ಚಳಿಜ್ವರ ಇನ್ನೂ ಲೆಕ್ಕಕ್ಕೆ ಸೇರಿಲ್ಲ ಎಂದರೆ, ಆ ಗುಟ್ಟು ಯಾರಿಗಾಗಿ ಬಯಲಾಯಿತು?

ಆಮೇಲೆ ಕೃಷ್ಣೆಯ ನೀರು ಬಂತು. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 1982ರ ಹೊತ್ತಿಗೆ ನಾರಾಯಣಪುರದ ಅಣೆಕಟ್ಟು, ನಾವು ಬಸವಸಾಗರ ಎನ್ನುವ ಜಲಾಶಯ, ಎದ್ದು ನಿಂತಿತು. ಎಡದಂಡೆ ಕಾಲುವೆ ಬಂತು, ಹುಣಸಗಿ ಶಾಖೆ ಬಂತು, ಶಹಾಪುರ ಶಾಖೆ ಬಂತು, ಮುಡಬೂಳ ಶಾಖೆ ಬಂತು. ಭೀಮರಾಯನಗುಡಿಯಲ್ಲಿ ಕಚೇರಿಗಳು, ಕ್ವಾರ್ಟರ್ಸುಗಳು ಎದ್ದವು. ನೀರು ಬಂದದ್ದು ನಮ್ಮ ಪುಣ್ಯ, ಅದನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ. ಆದರೆ ಈ ಯೋಜನೆ ಲೆಕ್ಕ ಹಾಕಿದ್ದು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಹೊಲದಲ್ಲಿ ನಿಂತದ್ದು ಭತ್ತ. ಮೇಲಿನವರ ಗದ್ದೆಗೆ ತುಂಬಿ ತುಳುಕುವಷ್ಟು ನೀರು, ಕಾಲುವೆಯ ಕೊನೆಯವರಿಗೆ ಕೆಸರು. ಒಡೆದ ವಿತರಣಾ ಕಾಲುವೆ, ಹೂಳು ತುಂಬಿದ ಹೊಲಗಾಲುವೆ, ಬಸಿಗಾಲುವೆಯಲ್ಲಿ ಬೆಳೆದ ಆಪು, ಸವುಳು ಹಿಡಿದ ನೆಲದಲ್ಲಿ ತಿಂಗಳುಗಟ್ಟಲೆ ನಿಂತ ನೀರು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಗೆ ಇಂಥ ಜಾಗವೇ ತೊಟ್ಟಿಲು.

ಎಷ್ಟು ಎಕರೆ ನೆನೆಯುತ್ತದೆ, ಎಷ್ಟು ಕ್ಯೂಸೆಕ್ ಹರಿಯುತ್ತದೆ, ಎಷ್ಟು ಚೀಲ ಸಿಮೆಂಟ್ ಬೇಕು ಎಲ್ಲವನ್ನೂ ಎಂಜಿನಿಯರುಗಳು ಅಳೆದರು. ಆ ನೀರಿನ ದಂಡೆಯಲ್ಲಿ ನಾಟಿ ಹಚ್ಚುವ ಬಸುರಿಯ ರಕ್ತದಲ್ಲಿ ಏನು ಬೆಳೆಯುತ್ತದೆ ಎಂದು ಅಳೆಯುವ ಕೆಲಸ ಯಾರದೂ ಆಗಲಿಲ್ಲ. ನೀರಾವರಿಯವರು ಆರೋಗ್ಯ ಇಲಾಖೆಯ ಕಡೆ ಬೆರಳು ತೋರಿಸಿದರು, ಆರೋಗ್ಯದವರು ಕಾಲುವೆ ನಮ್ಮದಲ್ಲ ಎಂದರು. ಭತ್ತದ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಾಗಿ ನಿಂತವಳು ಯಾವ ಇಲಾಖೆಗೂ ಸೇರಲಿಲ್ಲ.

ಬಸುರಿಗೆ ಬರುವ ಮಲೇರಿಯಾ ಬೇರೆಯವರಿಗೆ ಬರುವ ಮಲೇರಿಯಾದಂಥದ್ದಲ್ಲ. ಫಾಲ್ಸಿಪ್ಯಾರಂ ಜಾತಿಯ ಪರಾವಲಂಬಿ ಹೊಕ್ಕ ರಕ್ತಕಣಗಳು ತಾಯಿಯ ಮಾಸಿಗೆ ಹೋಗಿ ಅಂಟಿಕೊಳ್ಳುತ್ತವೆ. ಮಾಸಿನ ಒಳಪದರದಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ವಸ್ತು ಅವಕ್ಕೆ ಹಿಡಿಗೂಟ ಎಂದು 1996ರಲ್ಲಿ ಗೊತ್ತಾಯಿತು. ಮಗುವಿಗೆ ಅನ್ನ, ಉಸಿರು ದಾಟುವ ಜಾಗದಲ್ಲೇ ರೋಗ ಠಿಕಾಣಿ ಹೂಡುತ್ತದೆ. ಬೆರಳ ತುದಿಯ ರಕ್ತದಲ್ಲಿ ಏನೂ ಕಾಣದೆ ಮಾಸಿನಲ್ಲಿ ಮಾತ್ರ ತುಂಬಿಕೊಂಡಿರುವುದೂ ಉಂಟು. ತಾಯಿಗೆ ರಕ್ತಹೀನತೆ, ಸಕ್ಕರೆಯಂಶ ತಟ್ಟನೆ ಕುಸಿಯುವುದು, ಗರ್ಭಪಾತ, ಹೊಟ್ಟೆಯಲ್ಲೇ ಮಗು ಸಾಯುವುದು, ದಿನ ತುಂಬುವ ಮೊದಲೇ ಹೆರಿಗೆ, ಹುಟ್ಟಿದ ಕೂಸು ಎರಡೂವರೆ ಕಿಲೋ ತೂಗದಿರುವುದು, ಎಲ್ಲವೂ ಇದರ ಫಲ. ಆಫ್ರಿಕದ ಕೆಲವು ಕಡೆ ವರ್ಷವಿಡೀ ಸೊಳ್ಳೆ ಕಚ್ಚಿಸಿಕೊಂಡ ದೊಡ್ಡವರ ಮೈಯಲ್ಲಿ ಒಂದಿಷ್ಟು ತಡೆಯುವ ಶಕ್ತಿ ಕೂಡಿರುತ್ತದೆ. ಆಗೊಮ್ಮೆ ಈಗೊಮ್ಮೆ ಮಲೇರಿಯಾ ಬರುವ ನಮ್ಮಂಥ ಕಡೆ ಆ ಶಕ್ತಿಯೂ ಇಲ್ಲ. ಮೊದಲ ಬಸುರಿಯೇ ಆಗಲಿ, ನಾಲ್ಕನೆಯ ಬಸುರಿಯೇ ಆಗಲಿ, ಜ್ವರ ನೇರವಾಗಿ ಜೀವಕ್ಕೇ ಎರಗುತ್ತದೆ. ಮೊದಲೇ ರಕ್ತ ಕಮ್ಮಿ ಇರುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಬೇಗ.

ಇಷ್ಟು ದೊಡ್ಡ ಅಪಾಯಕ್ಕೆ ಇರುವ ಮದ್ದುಗಳ ಕಥೆ ಕೇಳಿ. ವೈವ್ಯಾಕ್ಸ್ ಜಾತಿಯ ಮಲೇರಿಯಾಕ್ಕೆ ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರಿಮಾಕ್ವಿನ್. ಯಕೃತ್ತಿನಲ್ಲಿ ಅಡಗಿ ಕೂತ ರೋಗವನ್ನು ಬೇರು ಸಮೇತ ಕೀಳುವುದು ಪ್ರಿಮಾಕ್ವಿನ್. ಅದನ್ನು ಬಸುರಿಗೆ ಕೊಡುವಂತಿಲ್ಲ, ಗರ್ಭದ ಮಗುವಿನ ರಕ್ತಕಣ ಒಡೆಯುವ ಭಯ. ಹಾಗಾಗಿ ಅವಳ ರೋಗ ಒಳಗೇ ಉಳಿದು ಹೆರುವ ಮೊದಲು ಮತ್ತೆ ಎದ್ದರೂ ಎದ್ದೀತು. ಫಾಲ್ಸಿಪ್ಯಾರಂಗೆ 1973ರಷ್ಟು ಹಿಂದೆಯೇ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ ಕ್ಲೋರೋಕ್ವಿನ್ ಸೋಲತೊಡಗಿತು. ಆಮೇಲೆ ಬಂದದ್ದು ಚೀನಾದ ತು ಯೂಯೂ ಅವರ ತಂಡ ಕಂಡುಹಿಡಿದ ಆರ್ಟೆಮಿಸಿನಿನ್ ಬಳಗದ ಜೋಡಿ ಮದ್ದುಗಳು. 2013ರ ರಾಷ್ಟ್ರೀಯ ಔಷಧ ನೀತಿ ಈಶಾನ್ಯ ರಾಜ್ಯಗಳಿಗೆ ಆರ್ಟೆಮೀಥರ್-ಲ್ಯೂಮೆಫ್ಯಾಂಟ್ರಿನ್ ಕೊಟ್ಟಿತು, ನಮ್ಮ ರಾಜ್ಯವೂ ಸೇರಿದಂತೆ ಉಳಿದ ಕಡೆಗೆ ಆರ್ಟೆಸುನೇಟ್ ಜೊತೆ ಸಲ್ಫಡಾಕ್ಸಿನ್-ಪೈರಿಮೆಥಮೈನ್ ಕೊಟ್ಟಿತು. ಮೊದಲ ಮೂರು ತಿಂಗಳ ಬಸುರಿಗೆ ಮಾತ್ರ ಇವು ಯಾವುವೂ ಬೇಡ, ಹಳೆಯ ಕ್ವಿನೈನ್ ಇರಲಿ ಎಂದಿತು.

ಕ್ವಿನೈನ್ ಎಂದರೆ ದಿನಕ್ಕೆ ಮೂರು ಸಲ, ಏಳು ದಿನ. ಬಾಯೆಲ್ಲ ಕಹಿ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ತಲೆಸುತ್ತು, ಓಕರಿಕೆ. ಬಸುರಿಯಲ್ಲಿ ರಕ್ತದ ಸಕ್ಕರೆ ಇಳಿಸಿಬಿಡುವ ಸ್ವಭಾವ ಬೇರೆ. ಬಸುರಿಯ ವಾಕರಿಕೆಯ ಮೇಲೆ ಇದನ್ನೂ ಹೇರಿದರೆ ಏಳು ದಿನ ಪೂರ್ತಿ ನುಂಗುವವರು ಎಷ್ಟು ಮಂದಿ? ಮೂರನೇ ದಿನಕ್ಕೆ ಜ್ವರ ಇಳಿದಂತೆ ಕಂಡರೆ ಉಳಿದ ಗುಳಿಗಿ ಗೂಡಿನಲ್ಲಿ ಉಳಿಯುತ್ತದೆ, ರೋಗ ಮೈಯಲ್ಲಿ ಉಳಿಯುತ್ತದೆ.

ಇನ್ನು ಬಸುರಿ ಎಂದು ಗೊತ್ತಾಗುವ ಮೊದಲೇ ಜ್ವರ ಬಂದವಳಿಗೆ ಸಿಗುವುದು ಎಲ್ಲರಿಗೂ ಕೊಡುವ ಜೋಡಿ ಮದ್ದು. ಅದರಲ್ಲಿರುವ ಸಲ್ಫಡಾಕ್ಸಿನ್-ಪೈರಿಮೆಥಮೈನ್ ಕೆಲಸ ಮಾಡುವುದೇ ಪರಾವಲಂಬಿಯ ಫೋಲೇಟ್ ದಾರಿಯನ್ನು ಕಟ್ಟಿ. ಮಗುವಿನ ಬೆನ್ನುಹುರಿ ಸರಿಯಾಗಿ ಕೂಡಲಿ ಎಂದು ಇದೇ ಸರ್ಕಾರ ಬಸುರಿಗೆ ಫೋಲಿಕ್ ಆಮ್ಲದ ಗುಳಿಗಿ ಹಂಚುತ್ತದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ತಡೆಯುವಂಥ ಮದ್ದು ಅದೇ ವಾರಗಳಲ್ಲಿ ಅವಳ ಹೊಟ್ಟೆಗೆ ಹೋಗುವ ಸಾಧ್ಯತೆ ಇದೆ ಎಂದು ಬಲ್ಲವರೆಲ್ಲ ಬಲ್ಲರು. ಹಾಗೆ ಹೋದವರನ್ನು ಹುಡುಕಿ, ಹೆರಿಗೆಯ ತನಕ ಬೆನ್ನುಹತ್ತಿ, ತಾಯಿ ಮಗು ಹೇಗಿದ್ದಾರೆ ಎಂದು ಬರೆದಿಡುವ ಖಾತೆಯೊಂದನ್ನು ನಮ್ಮ ಸೀಮೆಯಲ್ಲಿ ಯಾರು ತೆರೆದರು?

ಆರ್ಟೆಮಿಸಿನಿನ್ ಜೋಡಿ ಮದ್ದುಗಳನ್ನು ಬಸುರಿನ ನಾಲ್ಕನೇ ತಿಂಗಳಿನಿಂದಾಚೆ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಹೇಳಿತು. ಇಲಿ, ಮೊಲಗಳ ಭ್ರೂಣಕ್ಕೆ ಹಾನಿಯಾದದ್ದನ್ನು ಕಂಡು ಮೊದಲ ಮೂರು ತಿಂಗಳಿಗೆ ಬೇಡವೆಂದಿತು. ಎಚ್ಚರಿಕೆ ತಪ್ಪಲ್ಲ. ಎಚ್ಚರಿಕೆಯ ಹೆಸರಿನಲ್ಲಿ ಹದಿನಾರು ವರ್ಷ ಕೈಕಟ್ಟಿ ಕೂತದ್ದು ತಪ್ಪು. 2022ರ ನವೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಸಮೀಕ್ಷೆ ಹೊರಬಂತು. ಹಲವು ದೇಶಗಳ ಅಧ್ಯಯನಗಳಿಂದ 34,178 ಬಸುರಿನ ದಾಖಲೆಗಳನ್ನು ಕಲೆಹಾಕಿದ್ದರು. ಅದರಲ್ಲಿ ಮೊದಲ ಮೂರು ತಿಂಗಳಲ್ಲಿ ಆರ್ಟೆಮಿಸಿನಿನ್ ಬಳಗದ ಮದ್ದು ತೆಗೆದುಕೊಂಡದ್ದು ದಾಖಲಾಗಿದ್ದವರು 737 ಮಂದಿ. ಕ್ವಿನೈನ್ ನುಂಗಿದವರಿಗಿಂತ ಆರ್ಟೆಮೀಥರ್-ಲ್ಯೂಮೆಫ್ಯಾಂಟ್ರಿನ್ ನುಂಗಿದವರಲ್ಲಿ ಗರ್ಭಪಾತ, ಸತ್ತು ಹುಟ್ಟುವುದು, ಅಂಗದೋಷ ಇಂಥ ಕೇಡುಗಳು ಕಡಿಮೆ ಎಂದು ಕಂಡಿತು. ಕ್ವಿನೈನ್ ಗುಂಪಿನಲ್ಲಿ ನೂರಕ್ಕೆ ಒಂಬತ್ತರಷ್ಟು, ಈ ಗುಂಪಿನಲ್ಲಿ ನೂರಕ್ಕೆ ಐದಕ್ಕೂ ಕಡಿಮೆ. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆ ಬದಲಿಸಿತು: ಮೊದಲ ಮೂರು ತಿಂಗಳಿಗೂ ಆರ್ಟೆಮೀಥರ್-ಲ್ಯೂಮೆಫ್ಯಾಂಟ್ರಿನ್ ಸರಿ. ಸಲ್ಫಡಾಕ್ಸಿನ್ ಬೆರೆತ ಜೋಡಿಗೆ ಮಾತ್ರ ಆ ಒಪ್ಪಿಗೆ ಸಿಗಲಿಲ್ಲ. ನಮ್ಮ ಪಾಲಿಗೆ ಬಂದಿದ್ದ ಜೋಡಿ ಅದೇ.

737 ಎಂಬ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಈ ಮದ್ದನ್ನು ಕೋಟಿಗಟ್ಟಲೆ ಜನ ನುಂಗಿದ್ದಾರೆ. ಅವರಲ್ಲಿ ತಾನು ಬಸುರಿ ಎಂದು ತಿಳಿಯದೆ ನುಂಗಿದ ಹೆಂಗಸರ ಸಂಖ್ಯೆ ಸಣ್ಣದಿರಲು ಸಾಧ್ಯವಿಲ್ಲ. ಅವರೆಲ್ಲರ ಮೈಯೊಳಗೆ ಉತ್ತರ ಇತ್ತು. ಯಾರಾದರೂ ಕೇಳಿ ಬರೆದಿಟ್ಟಿದ್ದರೆ ಹತ್ತು ವರ್ಷ ಮೊದಲೇ ಈ ಸಲಹೆ ಬದಲಾಗುತ್ತಿತ್ತು, ಹತ್ತು ವರ್ಷದ ಬಸುರಿಯರು ಕಹಿ ಕ್ವಿನೈನ್ ನುಂಗಿ ನರಳುವುದು ತಪ್ಪುತ್ತಿತ್ತು. ಕೇಳಲಿಲ್ಲ. ಬರೆಯಲಿಲ್ಲ. ಗರ್ಭಗಳ ಜೊತೆ ಅರಿವನ್ನೂ ಹೂತು ಹಾಕಿದೆವು. ನಾನು ನಾಶ ಎಂದದ್ದು ಇದನ್ನೂ ಸೇರಿಸಿ.

ಬಸುರಿಯರ ಮೇಲೆ ಪರೀಕ್ಷೆ ಬೇಡ ಎನ್ನುವವರು ಥಾಲಿಡೊಮೈಡ್ ಹೆಸರು ಎತ್ತುತ್ತಾರೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಆ ಮದ್ದು ವಾಕರಿಕೆಗೆಂದು ಬಸುರಿಯರ ಕೈ ಸೇರಿತು. 1961ರಲ್ಲಿ ಹಿಂತೆಗೆಯುವ ಹೊತ್ತಿಗೆ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಆ ದುರಂತ ಆದದ್ದು ಹೇಗೆ? ಬಸುರಿಯರಲ್ಲಿ ಸರಿಯಾಗಿ ಪರೀಕ್ಷಿಸದೆ, ಬಸುರಿಯರಿಗೇ ಮಾರಿದ್ದರಿಂದ. ಕ್ರಮವಾಗಿ, ಕೆಲವೇ ಮಂದಿಯಲ್ಲಿ, ಒಬ್ಬೊಬ್ಬರನ್ನೂ ಕಣ್ಣಿಟ್ಟು ನೋಡಿದ್ದರೆ ಹತ್ತಾರು ಮಕ್ಕಳಲ್ಲೇ ಆ ವಿಷ ಸಿಕ್ಕಿಬೀಳುತ್ತಿತ್ತು. ಅದರಿಂದ ಕಲಿಯಬೇಕಿದ್ದ ಪಾಠ, ಎಚ್ಚರದಿಂದ ಪರೀಕ್ಷಿಸಿ ಎಂಬುದು. ಜಗತ್ತು ಕಲಿತ ಪಾಠ, ಬಸುರಿಯರನ್ನು ಹೊರಗಿಡಿ ಎಂಬುದು. ಹೊರಗಿಟ್ಟರೆ ಕಂಪನಿಗೆ ಮೊಕದ್ದಮೆಯ ಭಯವಿಲ್ಲ, ಅಧಿಕಾರಿಗೆ ಸಹಿಯ ಭಾರವಿಲ್ಲ, ವೈದ್ಯನಿಗೆ ತಲೆನೋವಿಲ್ಲ. ಅಪಾಯ ಎಲ್ಲಿಗೂ ಹೋಗಲಿಲ್ಲ, ಇವರೆಲ್ಲರ ಹೆಗಲಿನಿಂದ ಇಳಿದು ಬಸುರಿ ಒಬ್ಬಳ ಹೊಟ್ಟೆಯ ಮೇಲೆ ಕೂತಿತು.

ಇದೇ ಆಟವನ್ನು ಕೊರೊನಾ ಕಾಲದಲ್ಲೂ ಕಂಡೆವು. 2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾಯಿತು. ಪರೀಕ್ಷೆಗಳಲ್ಲಿ ಬಸುರಿಯರನ್ನು ಸೇರಿಸಿರಲಿಲ್ಲವಾದ್ದರಿಂದ ಲಸಿಕೆಯನ್ನೂ ಕೊಡಲಿಲ್ಲ. ಅವರಿಗೆ ಅನುಮತಿ ಸಿಕ್ಕಿದ್ದು ಜುಲೈ 2ಕ್ಕೆ. ನಡುವೆ ಎರಡನೇ ಅಲೆ ಬಂದು ಹೋಗಿತ್ತು. ಉಸಿರಿಗಾಗಿ ಒದ್ದಾಡಿದ ಬಸುರಿಯರ ಸಾವಿಗೆ ಯಾವ ಎಚ್ಚರಿಕೆಯ ಹೆಸರು ಕೊಡುತ್ತೀರಿ?

ಹಾಗೆಂದು ನಮ್ಮ ಹಳ್ಳಿಯ ಹೆಣ್ಣುಮಕ್ಕಳನ್ನು ಕಂಪನಿಗಳ ಕೈಗೆ ಒಪ್ಪಿಸಿಬಿಡಿ ಎನ್ನುತ್ತಿಲ್ಲ. ಬಡವರ ಮೈ ಅಗ್ಗ ಎಂದು ತಿಳಿದವರ ಕಥೆ ನಮಗೆ ಚೆನ್ನಾಗಿ ಗೊತ್ತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ ಸಾವಿರಾರು ಹುಡುಗಿಯರಿಗೆ ಗರ್ಭಕಂಠ ಕ್ಯಾನ್ಸರಿನ ಲಸಿಕೆ ಹಾಕಿದರು. ಆಶ್ರಮಶಾಲೆಯ ಆದಿವಾಸಿ ಮಕ್ಕಳ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವರು ಹಾಸ್ಟೆಲ್ ವಾರ್ಡನ್‌ಗಳು. 2010ರಲ್ಲಿ ಅದನ್ನು ನಿಲ್ಲಿಸಬೇಕಾಯಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಆ ನಡೆಯನ್ನು ಕಟುವಾಗಿ ಖಂಡಿಸಿತು. ಲಸಿಕೆಯ ಗುಣದ ಮಾತು ಬೇರೆ. ಕೇಳದೆ ಮಾಡುವವರಿಗೆ ಬಡವರ ಮಕ್ಕಳು ಮನುಷ್ಯರಾಗಿ ಕಾಣುವುದಿಲ್ಲ ಎಂಬ ಸತ್ಯ ಅಲ್ಲಿ ಬೆತ್ತಲಾಯಿತು. ಕೇಳದೆ ಚುಚ್ಚುವುದೂ, ಕೇಳದೆ ಹೊರಗಿಡುವುದೂ ಒಂದೇ ಅಹಂಕಾರದ ಎರಡು ಮುಖ. ಎರಡರಲ್ಲೂ ಹೆಣ್ಣಿನ ಬಾಯಿಗೆ ಬೆಲೆಯಿಲ್ಲ.

ಬಸುರಿಯನ್ನು ಕೇಳಿ, ತಿಳಿಸಿ, ಕಾಪಾಡಿ, ಆಮೇಲೆ ಪರೀಕ್ಷಿಸುವುದು ನಮ್ಮ ಹಳ್ಳಿಗಳಲ್ಲಿ ಆಗದ ಕೆಲಸ ಎನ್ನುವವರಿಗೆ ಜವಾಬು ಉತ್ತರ ಕರ್ನಾಟಕದಲ್ಲೇ ಇದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ, ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗಿಯನ್ನು 1,620 ಹೆಂಗಸರಲ್ಲಿ ಪರೀಕ್ಷಿಸಿದರು. ಕೊಟ್ಟವರು ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಬಂತು, 2011ರಲ್ಲಿ ಆ ಮದ್ದು ಇದೇ ಕೆಲಸಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಬೆಳಗಾವಿಯ ಹಳ್ಳಿಯ ಬಾಣಂತಿಯರು ಜಗತ್ತಿನ ಬಾಣಂತಿಯರ ಜೀವ ಉಳಿಸುವ ಅರಿವು ಕೊಟ್ಟರು. ಅದಾದ ಮೇಲೆ, ಚೊಚ್ಚಲ ಬಸುರಿಯರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಪೂರ್ವ ಹೆರಿಗೆ ತಗ್ಗುವುದೇ ಎಂದು ಆರು ದೇಶಗಳ 11,976 ಹೆಂಗಸರಲ್ಲಿ ನೋಡಿದರು. ಅದರಲ್ಲೂ ಬೆಳಗಾವಿ ಇತ್ತು. ಗುಳಿಗಿ ಶುರು ಮಾಡಿದ್ದು ಬಸುರಿನ ಆರನೇ ವಾರದಿಂದ ಹದಿಮೂರನೇ ವಾರದ ಒಳಗೆ. ಅಂದರೆ, ಮಲೇರಿಯಾ ಮದ್ದಿನ ಮಾತು ಬಂದಾಗ ಮುಟ್ಟಲಾಗದು ಎನ್ನುವ ಅದೇ ಮೊದಲ ಮೂರು ತಿಂಗಳು. 2020ರಲ್ಲಿ ಫಲಿತಾಂಶ ಬಂತು, ಅವಧಿಪೂರ್ವ ಹೆರಿಗೆ ಕಡಿಮೆಯಾಗಿತ್ತು.

ಮಲೇರಿಯಾದಲ್ಲೂ ಮಾಡಿದವರಿದ್ದಾರೆ. ಥಾಯ್ಲೆಂಡ್-ಮ್ಯಾನ್ಮಾರ್ ಗಡಿಯ ನಿರಾಶ್ರಿತರ ಶಿಬಿರಗಳಲ್ಲಿ ಶೋಕ್ಲೋ ಮಲೇರಿಯಾ ಸಂಶೋಧನಾ ಘಟಕ 1986ರಿಂದ ಬಸುರಿಯರ ರಕ್ತ ನೋಡಿ, ಕೊಟ್ಟ ಮದ್ದು ಬರೆದಿಟ್ಟು, ಹೆರಿಗೆಯ ತನಕ ಬೆನ್ನಿಗೆ ನಿಂತಿದೆ. ಬುರ್ಕಿನಾ ಫಾಸೊ, ಘಾನಾ, ಮಲಾವಿ, ಜಾಂಬಿಯಾ ನಾಲ್ಕು ದೇಶಗಳ 3,428 ಬಸುರಿಯರಲ್ಲಿ ನಾಲ್ಕು ಜೋಡಿ ಮದ್ದುಗಳನ್ನು ಹೋಲಿಸಿದ ಅಧ್ಯಯನ 2016ರಲ್ಲಿ ಹೊರಬಂತು. ನಿರಾಶ್ರಿತರ ಶಿಬಿರದಲ್ಲಿ ಆದದ್ದು, ಬುರ್ಕಿನಾ ಫಾಸೊದಲ್ಲಿ ಆದದ್ದು, ನಮ್ಮದೇ ಬೆಳಗಾವಿಯಲ್ಲಿ ಆದದ್ದು, ಕೃಷ್ಣೆ ಭೀಮೆಯ ನಡುವಿನ ಈ ಸೀಮೆಗೆ ಬರುವಾಗ ಮಾತ್ರ ಅಸಾಧ್ಯವಾಗುವುದು ಯಾಕೆ? ಸರ್ಕಾರಿ ವೈದ್ಯಕೀಯ ಕಾಲೇಜು ಈಗ ಯಾದಗಿರಿಯಲ್ಲೇ ಇದೆ. 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರೆಯಾಗಿ ಈ ಮೂರು ತಾಲೂಕುಗಳೇ ಒಂದು ಜಿಲ್ಲೆಯಾದವು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂತು. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ರಾಯಚೂರಿನ ಜೊತೆ ಯಾದಗಿರಿ ಸೇರಿತು. ಹೆಸರುಗಳಿಗೆ ಬರವಿಲ್ಲ. ಬಸುರಿಯ ಜ್ವರಕ್ಕೆ ಒಂದು ಖಾತೆಪುಸ್ತಕಕ್ಕೆ ಬರ.

ಮಲೇರಿಯಾ ಈಗ ಎಲ್ಲಿದೆ ಸ್ವಾಮಿ, ಇಳಿದು ಹೋಗಿದೆಯಲ್ಲ ಎಂದು ಅಧಿಕಾರಿಗಳು ಕೇಳುತ್ತಾರೆ. ಹೌದು, ಇಳಿದಿದೆ. ಸಂತೋಷ. ಹಾಗೆ ಇಳಿಸಲು ಬಿಸಿಲಲ್ಲಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರಿಗೂ ಆರೋಗ್ಯ ಸಹಾಯಕರಿಗೂ ಕೈ ಮುಗಿಯುತ್ತೇನೆ. ಆದರೆ ನಮ್ಮ ಜನ ಊರಲ್ಲೇ ಇರುತ್ತಾರೆಯೇ? ಸುಗ್ಗಿ ಮುಗಿದರೆ ಬೀಗ ಜಡಿದ ಮನೆಗಳ ಸಾಲು ನೋಡಿ. ಬೆಂಗಳೂರು, ಪುಣೆ, ಮುಂಬೈ, ಗೋವಾ, ಮಂಗಳೂರಿಗೆ ಗುಳೆ. ಗಾರೆ ಕಲಸಲು, ಇಟ್ಟಿಗೆ ಹೊರಲು ಗಂಡನ ಜೊತೆ ಹೆಂಡತಿಯೂ ಹೋಗುತ್ತಾಳೆ, ಹೊಟ್ಟೆಯೊಳಗಿನ ಕೂಸೂ ಹೋಗುತ್ತದೆ. ಅರ್ಧ ಕಟ್ಟಿದ ಮಹಡಿಗಳ ನೀರಿನ ತೊಟ್ಟಿಯಲ್ಲಿ ಪಟ್ಟಣದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಮೊಟ್ಟೆ ಇಡುತ್ತದೆ. 1990ರ ದಶಕದಿಂದ ಮಂಗಳೂರನ್ನು ಕಾಡಿದ ಮಲೇರಿಯಾ ಹೆಚ್ಚು ಕಚ್ಚಿದ್ದು ಕಟ್ಟಡ ಕೂಲಿಕಾರರನ್ನು, ಅವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಊರಿಗೆ ಮರಳುವಾಗ ಕೂಲಿಯ ದುಡ್ಡಿನ ಜೊತೆ ರೋಗವೂ ಬರುತ್ತದೆ.

ಈಗ ಅವಳ ಕಾಗದಪತ್ರ ನೋಡಿ. ತಾಯಿ ಕಾರ್ಡ್ ಶಹಾಪುರದ ಹಳ್ಳಿಯಲ್ಲಿ. ಜ್ವರದ ಚೀಟಿ ಮಂಗಳೂರಿನಲ್ಲಿ. ಗರ್ಭ ಹೋದದ್ದು ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ, ಅದು ಎಲ್ಲೂ ಬರೆದಿಲ್ಲ. ಮೂರು ಕಡೆಯ ಮೂರು ತುಂಡುಗಳನ್ನು ಹೊಲಿದು ಒಂದು ಹೆಣ್ಣಿನ ಕಥೆಯಾಗಿ ಓದುವ ವ್ಯವಸ್ಥೆ ಈ ರಾಜ್ಯದಲ್ಲಿಲ್ಲ. ಹಾಗೆ ಮಾಡಲು ಬಾರದು ಎನ್ನಬೇಡಿ. ಮಂಗಳೂರಿನಲ್ಲಿ 2015ರಿಂದ ಸಿಬ್ಬಂದಿಯ ಕೈಗೆ ಟ್ಯಾಬ್ ಕೊಟ್ಟು ಒಂದೊಂದು ಮಲೇರಿಯಾ ಪ್ರಕರಣವನ್ನೂ ಮನೆ ಬಾಗಿಲ ತನಕ ಹಿಂಬಾಲಿಸಿದರು, ಪ್ರಕರಣಗಳು ಇಳಿದವು. ಮನಸ್ಸು ಮಾಡಿದರೆ ಲೆಕ್ಕ ಇಡಲು ಬರುತ್ತದೆ. ರೋಗ ಕಡಿಮೆಯಾದ ಕಾಲವೇ ಒಬ್ಬೊಬ್ಬರನ್ನೂ ಹುಡುಕಿ ನೋಡಿಕೊಳ್ಳಲು ತಕ್ಕ ಕಾಲ. ಸಾವಿರ ಇದ್ದಾಗ ಕೈ ಸಾಲದು ಎಂದಿರಿ, ಹತ್ತಾದಾಗ ಹತ್ತೇ ತಾನೇ ಎನ್ನುತ್ತೀರಿ. ಆ ಹತ್ತರಲ್ಲಿ ಒಬ್ಬಳು ಸಾಯುವವಳಾದರೆ ಅವಳ ಮನೆಗೆ ಹೋಗಿ ಈ ಮಾತು ಹೇಳಿ ಬನ್ನಿ.

ಇನ್ನೊಂದು ಮಾತು. ಯಾದಗಿರಿ ತಾಲೂಕಿನ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ರೈತರ ಸಾವಿರಾರು ಎಕರೆ ಹೋಯಿತು. ಅಲ್ಲಿ ಔಷಧ, ರಾಸಾಯನಿಕದ ಕಾರ್ಖಾನೆಗಳು ಬಂದವು. ಕೆಟ್ಟ ವಾಸನೆ, ಕೆಟ್ಟ ಗಾಳಿ, ಕೆಟ್ಟ ನೀರು ಎಂದು ಸೈದಾಪುರ ಸುತ್ತಿನ ಜನ ಗೋಳಿಡುತ್ತಲೇ ಇದ್ದಾರೆ. ಔಷಧೋದ್ಯಮಕ್ಕೆ ಬೇಕಾದ ಭೂಮಿ ನಮ್ಮದು, ಅದು ಬಿಡುವ ಹೊಗೆ ಉಸಿರಾಡುವ ಎದೆ ನಮ್ಮದು. ನಮ್ಮ ಬಸುರಿಗೆ ಯಾವ ಮದ್ದು ಸುರಕ್ಷಿತ ಎಂದು ಕಂಡುಹಿಡಿಯುವ ಹೊಣೆ ಮಾತ್ರ ಯಾರದೂ ಅಲ್ಲ. ಈ ಲೆಕ್ಕ ಇನ್ನು ನಡೆಯಬಾರದು.

ಆದ್ದರಿಂದ ಕೇಳುವುದನ್ನು ಬಿಡಿಸಿ ಕೇಳುತ್ತೇನೆ. ಆಶಾ ಕಾರ್ಯಕರ್ತೆಯ ಚೀಲಕ್ಕೆ ಬಸುರಿ ಹೌದೋ ಅಲ್ಲವೋ ನೋಡುವ ನಿಶ್ಚಯ್ ಕಿಟ್ ಬಂದಿದೆ, ಮಲೇರಿಯಾ ನೋಡುವ ಪಟ್ಟಿಯೂ ಬಂದಿದೆ. ಹೆರುವ ವಯಸ್ಸಿನ ಯಾವ ಹೆಣ್ಣಿಗೇ ಮಲೇರಿಯಾ ಬರಲಿ, ಗುಳಿಗಿ ಕೈಗಿಡುವ ಮೊದಲು ಎರಡೂ ಪರೀಕ್ಷೆ ಅದೇ ಹೊತ್ತಿಗೆ ಆಗಲಿ. ಬಸುರಿ ಎಂದಾದರೆ ಮೊದಲ ಮೂರು ತಿಂಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಆರ್ಟೆಮೀಥರ್-ಲ್ಯೂಮೆಫ್ಯಾಂಟ್ರಿನ್ ಈ ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇರಲಿ. ಬಸುರಿ ಎಂದು ತಿಳಿಯದೆ ಬೇರೆ ಮದ್ದು ನುಂಗಿದವಳಿದ್ದರೆ ಅವಳನ್ನು ಗದರಿಸದೆ, ಹೆದರಿಸದೆ, ಹೆರಿಗೆಯ ತನಕ, ಮಗುವಿನ ಮೊದಲ ಹುಟ್ಟುಹಬ್ಬದ ತನಕ ನೋಡಿಕೊಂಡು ಬರೆದಿಡುವ ಖಾತೆ ಯಾದಗಿರಿಯ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲಿ. ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ ಕೈ ಜೋಡಿಸಲಿ, ಬೆಳಗಾವಿಯವರ ಅನುಭವ ಕೇಳಲಿ. ಗುಳೆ ಹೋದವಳ ತಾಯಿ ಕಾರ್ಡ್ ಅವಳ ಜೊತೆ ಊರೂರು ಓದಿಸಿಕೊಳ್ಳುವಂತಾಗಲಿ.

ಪರೀಕ್ಷೆಗೆ ಬನ್ನಿ ಎನ್ನುವುದಾದರೆ ಬಾಗಿಲು ತಟ್ಟಿ ಬನ್ನಿ. ನಮ್ಮ ಸೀಮೆಯ ಮಾತಿನಲ್ಲಿ ಹೇಳಿ. ಗಂಡನ ಹೆಬ್ಬೆಟ್ಟು, ಅತ್ತೆಯ ಹೂಂ ಸಾಲದು, ಅವಳ ಬಾಯಿಂದ ಹೂಂ ಬರಲಿ. ಬೇಡ ಎಂದವಳಿಗೂ ಅದೇ ಚಿಕಿತ್ಸೆ, ಅದೇ ಮರ್ಯಾದೆ ಸಿಗಲಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಗರ್ಭದ ಮಗುವಿಗೆ ಆದ ಹಾನಿಗೂ ಪರಿಹಾರ ಕೊಡಬೇಕೆಂದಿದೆ. ಅದನ್ನು ಒಪ್ಪಿಗೆ ಪತ್ರದ ಸಣ್ಣಕ್ಷರದಲ್ಲಿ ಅಡಗಿಸದೆ ಅವಳಿಗೆ ಓದಿ ಹೇಳಿ. ಕೊನೆಗೆ ಏನು ಕಂಡುಬಂತೋ ಅದನ್ನು ಇಂಗ್ಲಿಷಿನ ಪತ್ರಿಕೆಗೆ ಕಳಿಸಿದ ದಿನವೇ ಆ ಊರಿನ ಗ್ರಾಮಸಭೆಯಲ್ಲೂ ಓದಿ. ಇನ್ನು ಭೀಮರಾಯನಗುಡಿಯ ಕಚೇರಿಗಳಲ್ಲಿ ಕೂತವರು ಒಡೆದ ಕಾಲುವೆಯ ಪಕ್ಕದ ಊರುಗಳಲ್ಲಿ ಎಷ್ಟು ಜ್ವರ ಬಂತು ಎಂಬ ಲೆಕ್ಕಕ್ಕೂ ನೀರಿನ ಲೆಕ್ಕದಷ್ಟೇ ಉತ್ತರ ಕೊಡಲಿ.

ಇದರಲ್ಲಿ ದೊಡ್ಡ ದುಡ್ಡು ಬೇಡುವುದು ಏನೂ ಇಲ್ಲ. ಬೇಕಾದದ್ದು ಒಬ್ಬ ಬಸುರಿಯ ಜ್ವರ ಲೆಕ್ಕಕ್ಕೆ ಸೇರಬೇಕಾದ ಸಂಗತಿ ಎಂದು ಒಪ್ಪುವ ಮನಸ್ಸು. ಆ ಮನಸ್ಸು ತಾನಾಗಿ ಬಾರದಿದ್ದರೆ ಬರಿಸಬೇಕಾದವರು ನಾವು. ಸುರಪುರದ ಗ್ರಾಮಸಭೆಯಲ್ಲಿ, ಶಹಾಪುರದ ಆಸ್ಪತ್ರೆಯ ಬಾಗಿಲಲ್ಲಿ, ಯಾದಗಿರಿಯ ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳೋಣ: ಈ ವರ್ಷ ಈ ತಾಲೂಕಿನಲ್ಲಿ ಎಷ್ಟು ಬಸುರಿಯರಿಗೆ ಮಲೇರಿಯಾ ಬಂತು, ಯಾರಿಗೆ ಯಾವ ಮದ್ದು ಕೊಟ್ಟಿರಿ, ತಾಯಿ ಮಗು ಹೇಗಿದ್ದಾರೆ? ಉತ್ತರ ಕಾಗದದ ಮೇಲೆ ಬರುವ ತನಕ ಕೇಳುತ್ತಲೇ ಇರೋಣ. ಗೊತ್ತಿಲ್ಲ ಎಂಬ ಉತ್ತರವನ್ನು ಇನ್ನು ಒಂದು ಸಲವೂ ಒಪ್ಪಬೇಡಿ.